ಅಣು ಅವಘಡವಾದರೆ ಮಕ್ಕಳ ಥೈರಾಯ್ಡ್ ಕಾಪಾಡುವುದು ಹೇಗೆ?

ಕೈಗಾ ಅಣು ಸ್ಥಾವರ ಇರುವುದು ಪಕ್ಕದ ಉತ್ತರ ಕನ್ನಡದಲ್ಲಿ. 'ಅಲ್ಲೇನಾದರೂ ಆದ್ರ ನಮ್ಮ ಮಕ್ಕಳ ಗತಿ ಏನ್ರೀ?' ಎಂದು ಖಾನಾಪುರ, ಬೆಳಗಾವಿ ಕಡೆಯ ತಾಯಂದಿರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರದಲ್ಲಿ ಹೆಚ್ಚಿನ ಪಾಲು ಹಾಲಿನ ಲೋಟದಲ್ಲೇ ಇದೆ.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು. ಅದು ಒಳ್ಳೆಯದೋ, ಅಣು ಅವಘಡದಲ್ಲಿ ಹೊರಬೀಳುವ, ವಿಕಿರಣ ಸೂಸುವ ಅಯೋಡಿನ್-131 ಓ ಎಂದು ಗ್ರಂಥಿ ನೋಡುವುದಿಲ್ಲ, ಎಳೆದುಕೊಳ್ಳುತ್ತದೆ. ಮಕ್ಕಳ ಗ್ರಂಥಿ ಚಿಕ್ಕದು, ಅವರು ಕುಡಿಯುವ ಹಾಲು ಜಾಸ್ತಿ. ಹಾಗಾಗಿ ಪೆಟ್ಟೂ ಅವರಿಗೇ ಜಾಸ್ತಿ. 1986ರ ಏಪ್ರಿಲ್ 26ರಂದು ಉಕ್ರೇನ್‌ನ ಚೆರ್ನೊಬಿಲ್ ಅಣು ಸ್ಥಾವರ ಸಿಡಿದಾಗ ಈ ಅಯೋಡಿನ್ ಬೆರೆತ ಧೂಳು ಹುಲ್ಲಿನ ಮೇಲೆ ಬಿತ್ತು, ಹುಲ್ಲನ್ನು ಆಕಳು ಮೇಯ್ದವು, ಆ ಹಾಲನ್ನು ಮಕ್ಕಳು ಕುಡಿದರು. ಬೆಲಾರುಸ್, ಉಕ್ರೇನ್, ರಷ್ಯಾದಲ್ಲಿ ಆಗ ಮಕ್ಕಳೋ ಹದಿಹರೆಯದವರೋ ಆಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದವು. ಅದರಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಕಾರಣ. ಹಾಲು ನಿಲ್ಲಿಸಿ ಎಂದು ಹೊತ್ತಿಗೆ ಸರಿಯಾಗಿ ಹೇಳಿದ್ದರೆ ಎಷ್ಟೋ ಮಕ್ಕಳು ಈ ರೋಗದಿಂದ ಪಾರಾಗುತ್ತಿದ್ದರು ಎಂಬುದೇ ಸಂಕಟದ ಮಾತು.

ಇವತ್ತೇ ಮಾಡುವ ಕೆಲಸ ಒಂದಿದೆ. ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ. ಪ್ಯಾಕೆಟ್ ಮೇಲೆ ನಗುವ ಸೂರ್ಯನ ಗುರುತು ಇರುತ್ತದೆ, ನೋಡಿ ತನ್ನಿ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಅಯೋಡಿನ್ ಕೊರತೆ ಇರುವ ಗ್ರಂಥಿ ವಿಕಿರಣದ ಅಯೋಡಿನ್ ಅನ್ನು ಇನ್ನೂ ಹೆಚ್ಚಾಗಿ ಎಳೆದುಕೊಳ್ಳುತ್ತದೆ.

ಅವಘಡದ ಸುದ್ದಿ ಬಂದರೆ ಮೊದಲು ಮಕ್ಕಳನ್ನು ಒಳಗೆ ಕರೆದು ಕಿಟಕಿ, ಬಾಗಿಲು ಮುಚ್ಚಿ. ಜಿಲ್ಲಾಡಳಿತದ ಸೂಚನೆ ಕೇಳುತ್ತಿರಿ.

ಆಮೇಲೆ ಹಾಲು. ಎಮ್ಮೆ, ಆಕಳನ್ನು ಬಯಲಿಗೆ ಬಿಡಬೇಡಿ, ಕೊಟ್ಟಿಗೆಯಲ್ಲೇ ಕಟ್ಟಿ. ತಾಡಪತ್ರಿ ಹೊದಿಸಿಟ್ಟ ಬಣವೆಯ ಒಣ ಕಣಕಿ ಹಾಕಿ, ಹಸಿ ಮೇವು ಬೇಡ. ನೀರಿನ ತೊಟ್ಟಿಯನ್ನೂ ಮುಚ್ಚಿಡಿ. ಅಧಿಕಾರಿಗಳು ಪರೀಕ್ಷಿಸಿ ಹೇಳುವವರೆಗೆ ಮನೆಯ ಹಾಲನ್ನು ಮಕ್ಕಳಿಗೆ ಕೊಡಬೇಡಿ. ಕಾಯಿಸಿದರೆ ಹಾಲಿಗೆ ಸೇರಿದ ವಿಕಿರಣದ ಅಯೋಡಿನ್ ಹೋಗುವುದಿಲ್ಲ. ಮೊದಲೇ ತಂದಿಟ್ಟ ಹಾಲಿನ ಪುಡಿ ನಡೆಯುತ್ತದೆ. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. 80 ದಿನಕ್ಕೆ ಸಾವಿರದಲ್ಲೊಂದು ಪಾಲು ಉಳಿಯುತ್ತದೆ, ಅಷ್ಟೇ.

ಗ್ರಂಥಿಯಲ್ಲಿ ಒಳ್ಳೆಯ ಅಯೋಡಿನ್ ತುಂಬಿ ವಿಕಿರಣದ ಅಯೋಡಿನ್‌ಗೆ ಜಾಗವಿಲ್ಲದಂತೆ ಮಾಡುವ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯನ್ನು ಸರ್ಕಾರ ಹೇಳಿದಾಗಷ್ಟೇ, ಹೇಳಿದಷ್ಟೇ ಕೊಡಿ. 3ರಿಂದ 12 ವರ್ಷದವರಿಗೆ 65 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಕಡಿಮೆ. ವಿಕಿರಣ ತಾಗುವ ಸ್ವಲ್ಪ ಮುಂಚೆ ಅಥವಾ ತಾಗಿದ ಕೆಲವೇ ಗಂಟೆಗಳಲ್ಲಿ ಕೊಟ್ಟರೆ ಫಲ. ಅದು ಕಾಯುವುದು ಥೈರಾಯ್ಡನ್ನು ಮಾತ್ರ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಅನ್ನು ದಯವಿಟ್ಟು ಕುಡಿಸಬೇಡಿ. ಸುಮ್ನೆ ಜಾಸ್ತಿ ಉಪ್ಪು ತಿನ್ನಿಸಿದರೂ ರಕ್ಷಣೆ ಸಿಗದು. ಪೋಲೆಂಡ್ 1986ರಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅಯೋಡಿನ್ ಕುಡಿಸಿತು, ನಿಜ. ಆದರೆ ಅಳತೆ ಮಾಡಿ, ಆರೋಗ್ಯ ಸಿಬ್ಬಂದಿಯ ಕೈಯಿಂದ.

ವಿಕಿರಣ ತಾಗಿದ ಮಕ್ಕಳ ಕುತ್ತಿಗೆಯನ್ನು ಮುಂದೆಯೂ ಗಮನಿಸುತ್ತಿರಬೇಕು, ಏಕೆಂದರೆ ಚೆರ್ನೊಬಿಲ್‌ನಲ್ಲಿ ರೋಗ ಹೆಚ್ಚಾಗಿ ಕಾಣತೊಡಗಿದ್ದು ನಾಲ್ಕೈದು ವರ್ಷದ ಮೇಲೆ. ಮಗುವನ್ನು ಬೆಳಕಿಗೆ ಎದುರಾಗಿ ಕೂರಿಸಿ, ಗದ್ದ ತುಸು ಮೇಲೆತ್ತಿಸಿ ಒಂದು ಗುಟುಕು ನೀರು ಕುಡಿಸಿ. ನುಂಗುವಾಗ ಗಂಟು ಮೇಲೆ ಕೆಳಗೆ ಸರಿದಂತೆ ಕಂಡರೆ ವೈದ್ಯರಿಗೆ ತೋರಿಸಿ. ಗಂಟೆಲ್ಲ ಕ್ಯಾನ್ಸರ್ ಅಲ್ಲ. ಆಗಿದ್ದರೂ ಬೇಗ ಸಿಕ್ಕರೆ ಈ ಕ್ಯಾನ್ಸರ್ ಬಹುಪಾಲು ವಾಸಿಯಾಗುತ್ತದೆ.