ಚಕ್ಕುಬಂದಿಯಲ್ಲಿ ಒಂದು ದೇವಾಲಯ

ಉಪನೋಂದಣಾಧಿಕಾರಿ ಕಚೇರಿಯ ಎದುರು ಇಪ್ಪತ್ತಾರು ವರ್ಷ ಪತ್ರ ಬರೆದವನು ನಾನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ನಡುನಡುವೆ ತಹಶೀಲ್ದಾರರಿಗೆ ಒಂದೊಂದು ಅರ್ಜಿ. ಯೆಹೂದ್ಯರ ಚರಿತ್ರೆಗೂ ನನಗೂ ನಂಟು ಬೆಳೆದದ್ದು ಊರಿನ ಚರ್ಚಿನ ಅಯ್ಯನವರಿಂದ. ಅವರು ಭಾನುವಾರದ ತರಗತಿಯಲ್ಲಿ ಸತ್ಯವೇದದ (ಬೈಬಲಿನ) ನೆಹೆಮೀಯನ ಪುಸ್ತಕವನ್ನು ಪಾಠ ಮಾಡುತ್ತಿದ್ದರು. ಹೆಚ್ಚುಕಡಿಮೆ ಅದೇ ಕಾಲದ ಒಂದು ಅರ್ಜಿ ಈಜಿಪ್ಟಿನಲ್ಲಿ ಸಿಕ್ಕಿದೆ, ಇಂಗ್ಲಿಷ್ ಅನುವಾದ ನನ್ನ ಬಳಿ ಇದೆ, ಕನ್ನಡಕ್ಕೆ ತಂದುಕೊಡುತ್ತೀರಾ ಎಂದು ಕೇಳಿದರು. "ಅರ್ಜಿ ತಾನೇ ಅಯ್ಯನವರೇ, ನಾಳೆ ಸಂಜೆ ಬನ್ನಿ" ಎಂದೆ. ಎಂಟು ತಿಂಗಳು ಹಿಡಿಯಿತು.

ಅರ್ಜಿ ಇರುವುದು ಮೂವತ್ತೇ ಸಾಲು. ಬರೆದ ದಿನ ಅರಸ ದಾರ್ಯಾವೆಷನ 17ನೇ ವರ್ಷದ ಮರ್ಹೆಷ್ವಾನ್ ಮಾಸದ 20, ಅಂದರೆ ಕ್ರಿ.ಪೂ. 407ರ ನವೆಂಬರ್ 25. ಈತ ಪರ್ಷಿಯಾದ ಅರಸ ಎರಡನೆಯ ದಾರ್ಯಾವೆಷ (ಡೇರಿಯಸ್). ಬರೆದ ಜಾಗ ನೈಲ್ ನದಿಯ ನಡುಗಡ್ಡೆ, ಇಂದಿನ ಅಸ್ವಾನ್ ಊರಿನ ಎದುರಿಗಿರುವ ಎಲಿಫೆಂಟೈನ್. ಅಲ್ಲಿದ್ದವರು ಅದನ್ನು ಯೇಬ್ ಕೋಟೆ ಎನ್ನುತ್ತಿದ್ದರು. ಈಜಿಪ್ಟಿನ ದಕ್ಷಿಣದ ಗಡಿ ಕಾಯಲು ಪರ್ಷಿಯಾದ ಅರಸರು ಇಟ್ಟಿದ್ದ ದಂಡಿನಲ್ಲಿ ಯೆಹೂದ್ಯ ಸೈನಿಕರ ಕುಟುಂಬಗಳಿದ್ದವು. ತಮ್ಮ ದೇವರಿಗೆ ಅವರು ಅಲ್ಲೇ ಒಂದು ಆಲಯ ಕಟ್ಟಿಕೊಂಡಿದ್ದರು. ಜೆರೂಸಲೇಮಿನ ಆಲಯವನ್ನು ಬಾಬಿಲೋನಿನವರು ಕ್ರಿ.ಪೂ. 586ರಲ್ಲಿ ಸುಟ್ಟದ್ದು, ಪರ್ಷಿಯಾದವರ ಕಾಲದಲ್ಲಿ ಅದು ಮತ್ತೆ ಎದ್ದದ್ದು ಸತ್ಯವೇದ ಓದಿದವರಿಗೆ ಗೊತ್ತು. ಬಲಿ ಅರ್ಪಿಸುವ ಇನ್ನೊಂದು ಆಲಯ ನೈಲ್ ನದಿಯ ನಡುವೆ ಇತ್ತೆಂಬುದು ನನಗಂತೂ ಹೊಸದು.

ಮೊದಲ ಸಲ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹಳೆಯ ಕಾಲದ ಯೆಹೂದ್ಯರು ಎಂದೊಡನೆ ಕೈ ತಾನಾಗಿ ಸತ್ಯವೇದದ ಕನ್ನಡಕ್ಕೆ ತಿರುಗಿತು. "ಓ ನಮ್ಮ ಪ್ರಭುವೇ, ನಿನ್ನ ದಾಸರಾದ ನಾವು ನಿನಗೆ ಮೊರೆಯಿಡುತ್ತೇವೆ" ಎಂದು ಶುರುಮಾಡಿದೆ. ಅಯ್ಯನವರು ತರಗತಿಯಲ್ಲಿ ಓದಿದರು. ಹಿಂದಿನ ಬೆಂಚಿನ ಹಿರಿಯರೊಬ್ಬರು, "ಇದು ಕೀರ್ತನೆಯೋ ಅರ್ಜಿಯೋ?" ಎಂದು ಕೇಳಿದರಂತೆ. ಮಾತು ಚುಚ್ಚಿತು, ಆದರೆ ನಿಜವಾಗಿತ್ತು. ಬರೆದವರು ಪ್ರವಾದಿಗಳಲ್ಲ, ಮೂರು ವರ್ಷದಿಂದ ಉತ್ತರ ಬಾರದೆ ಬೇಸತ್ತಿದ್ದ ಕಕ್ಷಿದಾರರು. ಅಂಥವರ ಕನ್ನಡ ನನಗೆ ಬರುತ್ತದೆ.

ಮತ್ತೆ ಕುಳಿತೆ. ಮೂಲದ ಭಾಷೆ ಅರಮಾಯಿಕ್, ಪರ್ಷಿಯಾ ಸಾಮ್ರಾಜ್ಯದ ಕಚೇರಿ ಭಾಷೆ. ಅದನ್ನು ಕಲಿತೆ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತೆರಡು ಅಕ್ಷರ ಕಲಿತೆ, ಎರಡು ಇಂಗ್ಲಿಷ್ ಅನುವಾದಗಳನ್ನು ಎದುರುಬದುರು ಇಟ್ಟುಕೊಂಡೆ, ಅವು ಜಗಳವಾಡಿದ ಕಡೆ ಮೂಲದ ಪದವನ್ನು ಅಕ್ಷರ ಕೂಡಿಸಿ ಓದಿ ನಿಘಂಟು ನೋಡಿದೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಅವರ ಪದ, ಬಲಪುಟದಲ್ಲಿ ನಮ್ಮದು. ಮೊದಲ ಸಾಲು "ಎಲ್ ಮರಾನ್ ಬಗೋಹಿ ಪಹತ್ ಯೆಹೂದ್". ನಾನು ಬರೆದದ್ದು: "ಯೆಹೂದ ಪ್ರಾಂತದ ಅಧಿಪತಿಗಳೂ ನಮ್ಮ ಒಡೆಯರೂ ಆದ ಬಗೋಹಿಯವರ ಸನ್ನಿಧಾನಕ್ಕೆ, ಯೇಬ್ ಕೋಟೆಯ ಯಾಜಕರಾದ ಯೆದನ್ಯ ಮತ್ತು ಸಂಗಡಿಗರು ಮಾಡಿಕೊಳ್ಳುವ ಬಿನ್ನಹ." ಆಮೇಲೆ ಲೇಖನಿ ನಿಲ್ಲಲಿಲ್ಲ.

ಅರ್ಜಿಯ ಸಾರ ಇಷ್ಟು. ಮೂರು ವರ್ಷದ ಹಿಂದೆ, ದಾರ್ಯಾವೆಷನ 14ನೇ ವರ್ಷದ ತಮ್ಮೂಜ್ ಮಾಸದಲ್ಲಿ, ಈಜಿಪ್ಟಿನ ಪ್ರಾಂತಾಧಿಪತಿ ಅರ್ಷಾಮ ಅರಸನನ್ನು ಕಾಣಲು ಹೋಗಿದ್ದ. ಆ ಸಮಯ ನೋಡಿ, ಅದೇ ನಡುಗಡ್ಡೆಯ ಖ್ನೂಮ್ ದೇವರ ಪೂಜಾರಿಗಳು ಸ್ಥಳೀಯ ಅಧಿಕಾರಿ ವಿದ್ರಂಗನನ್ನು ತಮ್ಮ ಕಡೆ ಮಾಡಿಕೊಂಡರು. ಅವನು ದಂಡಿನ ನಾಯಕನಾಗಿದ್ದ ತನ್ನ ಮಗ ನಾಫೈನನಿಗೆ ಓಲೆ ಬರೆದ. ಸೈನಿಕರು ಬಂದು ಕಲ್ಲಿನ ಕಂಬಗಳನ್ನು ಒಡೆದರು, ಕೆತ್ತಿದ ಕಲ್ಲಿನ ಐದು ಬಾಗಿಲುವಾಡಗಳನ್ನು ಕೆಡವಿದರು, ದೇವದಾರಿನ ಮಾಡಿಗೆ ಬೆಂಕಿ ಇಟ್ಟರು, ಚಿನ್ನ ಬೆಳ್ಳಿಯ ಬಟ್ಟಲುಗಳನ್ನು ಹೊತ್ತೊಯ್ದರು. ಬಾಗಿಲಿನ ಕಂಚಿನ ತಿರುಗಣಿಯನ್ನೂ ಅರ್ಜಿದಾರರು ಬಿಟ್ಟಿಲ್ಲ. ನಷ್ಟದ ಪಟ್ಟಿ ಬರೆಯುವಾಗ ಕಕ್ಷಿದಾರ ಹಾಗೆಯೇ. ಬಾಗಿಲು ಹೋಯಿತು ಎಂದರೆ ಸಾಲದು, ಅದರ ಚಿಲಕವನ್ನೂ ಬರೆಸುತ್ತಾನೆ.

ನನ್ನನ್ನು ಬೆರಗುಗೊಳಿಸಿದ್ದು ಅರ್ಜಿ ಬರೆದವನ ಕಸುಬು. ಮೊದಲು ಒಡೆಯರ ಕ್ಷೇಮ ಕೇಳುತ್ತಾನೆ. ನಂತರ ಘಟನೆ, ದಿನಾಂಕದ ಸಮೇತ. ನಂತರ ಪೂರ್ವಾಪರ: ಈ ಆಲಯ ಈಜಿಪ್ಟಿನ ಅರಸರ ಕಾಲದಲ್ಲೇ ಕಟ್ಟಿದ್ದು, ಪರ್ಷಿಯಾದ ಅರಸ ಕ್ಯಾಂಬಿಸೆಸ್ ಈಜಿಪ್ಟಿಗೆ ಬಂದಾಗ (ಅದು ಕ್ರಿ.ಪೂ. 525) ಇಲ್ಲಿನ ದೇವರುಗಳ ಗುಡಿಗಳನ್ನೆಲ್ಲ ಕೆಡವಿದರೂ ಇದನ್ನು ಯಾರೂ ಮುಟ್ಟಲಿಲ್ಲ. ಕ್ಯಾಂಬಿಸೆಸ್ ಅಷ್ಟೊಂದು ಗುಡಿಗಳನ್ನು ಕೆಡವಿದ್ದನೋ ಇಲ್ಲವೋ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಆದರೆ ಕಸುಬಿನ ಕಣ್ಣಿಗೆ ಉದ್ದೇಶ ಸ್ಪಷ್ಟ: ನಿಮ್ಮ ಹಿಂದಿನ ಅರಸರೇ ನಮ್ಮ ಹಕ್ಕನ್ನು ಒಪ್ಪಿದ್ದರು ಎಂದು ದಾಖಲೆಗೆ ತರುವುದು. ಆಮೇಲೆ ಕಷ್ಟ: ಅಂದಿನಿಂದ ಗೋಣಿತಟ್ಟು ಉಟ್ಟಿದ್ದೇವೆ, ಉಪವಾಸ ಇದ್ದೇವೆ, ನಮ್ಮ ಹೆಂಡಂದಿರು ವಿಧವೆಯರಂತೆ ಆಗಿದ್ದಾರೆ, ಎಣ್ಣೆ ಹಚ್ಚಿಲ್ಲ, ದ್ರಾಕ್ಷಾರಸ ಕುಡಿದಿಲ್ಲ. ಘಟನೆ ನಡೆದಾಗಲೇ ತಮಗೂ ಜೆರೂಸಲೇಮಿನ ಮಹಾಯಾಜಕ ಯೆಹೋಹಾನಾನರಿಗೂ ಯೆಹೂದದ ಪ್ರಮುಖರಿಗೂ ಬರೆದಿದ್ದೆವು, ಒಂದು ಓಲೆಯೂ ಬರಲಿಲ್ಲ ಎಂಬ ಮಾತು ಬೇರೆ. ಅಂದರೆ ಇದು ನೆನಪೋಲೆ. ಕೊನೆಗೆ, ಇಷ್ಟೆಲ್ಲ ನಡೆದದ್ದು ಅರ್ಷಾಮನಿಗೆ ಏನೂ ಗೊತ್ತಿಲ್ಲ ಎಂಬ ಸಾಲು. ಮೇಲಿನ ಸಾಹೇಬನನ್ನು ಎಲ್ಲಿಯೂ ಸಿಕ್ಕಿಸಬಾರದು. ನಾಳೆ ಆಲಯ ಕಟ್ಟಲು ಅವನ ಅಪ್ಪಣೆಯೇ ಬೇಕು.

ಅದಕ್ಕೂ ಸ್ವಲ್ಪ ಮೊದಲು ಒಂದು ತುಂಡು ಮಾತಿದೆ: "ಚಿನ್ನದ ವಿಷಯ, ಅದರ ಬಗ್ಗೆ ತಿಳಿಸಿ ಕಳುಹಿಸಿದ್ದೇವೆ." ಎಷ್ಟು, ಯಾರಿಗೆ, ಯಾವುದಕ್ಕೆ ಎಂಬುದಿಲ್ಲ. ಇಂಗ್ಲಿಷ್ ಅನುವಾದಕರೊಬ್ಬರು ಇದಕ್ಕೆ ಉದ್ದನೆಯ ಟಿಪ್ಪಣಿ ಹಾಕಿದ್ದಾರೆ. ನನಗೆ ಟಿಪ್ಪಣಿ ಬೇಕಾಗಲಿಲ್ಲ.

ವಿದ್ರಂಗನ ಬಗ್ಗೆ ಬರುವ ಸಾಲು ಎರಡು ವಾರ ತಿಂದಿತು. ನಾಯಿಗಳು ಅವನ ಕಾಲಿನಿಂದ ಕಡಗ ಕಳಚಿದವು, ಗಳಿಸಿದ್ದೆಲ್ಲ ಹೋಯಿತು ಎಂಬಂತೆ ಮೂಲವಿದೆ. ಅದು ಕಡಗವೋ ಬೇಡಿಯೋ? ನಡೆದದ್ದೋ, ನಡೆಯಲಿ ಎಂಬ ಶಾಪವೋ? ನಾಯಿ ಎಂದದ್ದು ಅವನನ್ನೇ ಎನ್ನುವವರೂ ಇದ್ದಾರೆ. ಬಹಳ ತಡಕಾಡಿ, "ಅವನ ಕಾಲಿನ ಕಡಗ ನಾಯಿ ಪಾಲಾಯಿತು" ಎಂದು ಬರೆದೆ. ನಮ್ಮ ಕಡೆ ಈ ಮಾತನ್ನು ಕಂಡದ್ದಕ್ಕೂ ಆಡುತ್ತಾರೆ, ಬೈಗುಳಕ್ಕೂ ಆಡುತ್ತಾರೆ. ಇಡೀ ಅನುವಾದದಲ್ಲಿ ನನಗೆ ಸ್ವಲ್ಪ ಹೆಮ್ಮೆ ಇರುವುದು ಈ ಒಂದು ಸಾಲಿನ ಬಗ್ಗೆ.

ದೇವರ ಹೆಸರಿನಲ್ಲಿ ಮಾತ್ರ ಅಯ್ಯನವರಿಗೂ ನನಗೂ ಚರ್ಚೆಯಾಯಿತು. ಅವರಿಗೆ ಯೆಹೋವ ಎಂದೇ ಇರಬೇಕಿತ್ತು. ಕಾಗದದಲ್ಲಿರುವುದು ಮೂರೇ ಅಕ್ಷರ, ವಿದ್ವಾಂಸರು ಅದನ್ನು ಯಾಹೋ ಎಂದು ಓದುತ್ತಾರೆ. ಇದೇ ಜನ ತಲೆಗೆ ಎರಡು ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿಯಂತೆ ಕೂಡಿಸಿದ ಕಾಣಿಕೆ ಪಟ್ಟಿಯೊಂದು ಸಿಕ್ಕಿದೆ; ಅದರಲ್ಲಿ ಯಾಹೋ ದೇವರ ಜೊತೆಗೆ ಅನಾತ್‌ಬೇತೆಲ್, ಎಷೆಮ್‌ಬೇತೆಲ್ ಎಂಬ ಇನ್ನಿಬ್ಬರಿಗೂ ಪಾಲಿದೆ. ಇದನ್ನು ತೋರಿಸಿದಾಗ ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಯಾಹೋ ಎಂದೇ ಇರಲಿ ಬಿಡಿ" ಎಂದರು.

ಇದೇ ಅರ್ಜಿಯನ್ನು, ಯೆಹೂದದ ಉತ್ತರಕ್ಕಿದ್ದ ಸಮಾರ್ಯ ಪ್ರಾಂತದ ಅಧಿಪತಿ ಸನ್ಬಲ್ಲಟನ ಮಕ್ಕಳಾದ ದೆಲಾಯ ಮತ್ತು ಶೆಲೆಮ್ಯರಿಗೂ ಕಳುಹಿಸಿದ್ದಾಗಿ ಯೆದನ್ಯ ಬರೆಯುತ್ತಾನೆ. ನೆಹೆಮೀಯ ಜೆರೂಸಲೇಮಿನ ಗೋಡೆ ಕಟ್ಟುವಾಗ ಗೇಲಿ ಮಾಡಿದ ಸನ್ಬಲ್ಲಟನೇ ಇವನು. ಜೆರೂಸಲೇಮಿಗೂ ಸಮಾರ್ಯಕ್ಕೂ ಆಗಿಬರುತ್ತಿರಲಿಲ್ಲ. ಯೇಬ್‌ನವರು ಎರಡೂ ಬಾಗಿಲು ತಟ್ಟಿದರು. ಕೆಲಸ ಆದದ್ದೂ ಹಾಗೆಯೇ: ಬಗೋಹಿ ಮತ್ತು ದೆಲಾಯ ಇಬ್ಬರೂ ಸೇರಿ ಉತ್ತರ ಹೇಳಿದರು. ಮಹಾಯಾಜಕನದು ಸದ್ದಿಲ್ಲ.

ಆ ಉತ್ತರ ಹಿಂಬರಹವಲ್ಲ, ಬಾಯಿಮಾತು. ಓಲೆಕಾರ ಕೇಳಿಸಿಕೊಂಡು ಬರೆದಿಟ್ಟುಕೊಂಡ ಚೀಟಿ, ದಿನಾಂಕವಿಲ್ಲ, ಸಹಿ ಇಲ್ಲ. ಆದೇಶ ಬಂದಾಗ ಅದನ್ನು ಅರ್ಜಿಯ ಕೋರಿಕೆಯ ಪಕ್ಕದಲ್ಲಿ ಇಟ್ಟು ಸಾಲು ಸಾಲಾಗಿ ತಾಳೆ ನೋಡುವುದು ನಮ್ಮ ಕಸುಬಿನ ಮೊದಲ ಪಾಠ. ಕೊಟ್ಟದ್ದಕ್ಕಿಂತ ಬಿಟ್ಟದ್ದನ್ನು ನೋಡಬೇಕು. ಕೋರಿದ್ದು ಧಾನ್ಯನೈವೇದ್ಯ, ಧೂಪ, ಸರ್ವಾಂಗಹೋಮ (ಪ್ರಾಣಿಯನ್ನು ಇಡಿಯಾಗಿ ಸುಡುವ ಬಲಿ). ಕೊಟ್ಟದ್ದು ಧಾನ್ಯನೈವೇದ್ಯ ಮತ್ತು ಧೂಪ. ಅರ್ಜಿಯಲ್ಲಿ ಆಲಯ ಎಂದಿದ್ದದ್ದು ಉತ್ತರದಲ್ಲಿ ಯಜ್ಞವೇದಿಯ ಮನೆ ಎಂದಾಗಿದೆ. ಮೊದಲ ಅನುವಾದದಲ್ಲಿ ನಾನು ಎರಡೂ ಕಡೆ ದೇವಾಲಯ ಎಂದೇ ಬರೆದುಬಿಟ್ಟಿದ್ದೆ, ಕನ್ನಡ ಚೆನ್ನಾಗಿರಲಿ ಎಂದು. ಅನುವಾದಕ ಎಂಥ ಅನರ್ಥ ಮಾಡಬಲ್ಲ ನೋಡಿ. ಪ್ರಾಣಿಬಲಿ ಏಕೆ ಬಿಟ್ಟುಹೋಯಿತು ಎಂಬುದಕ್ಕೆ ವಿದ್ವಾಂಸರು ಕೊಡುವ ಕಾರಣಗಳು ಹಲವು: ಖ್ನೂಮ್ ಟಗರಿನ ತಲೆಯ ದೇವರು, ಕುರಿ ಕೊಯ್ದರೆ ಆ ಪೂಜಾರಿಗಳು ಕೆರಳುತ್ತಾರೆ, ಹೆಣ ಬೆಂಕಿಗೆ ಬೀಳುವುದು ಪರ್ಷಿಯಾದವರಿಗೆ ಆಗದು, ಬಲಿ ತಮ್ಮಲ್ಲಿ ಮಾತ್ರ ನಡೆಯಬೇಕೆಂದು ಜೆರೂಸಲೇಮಿನವರ ಹಟ. ನನಗೆ ಮೊದಲನೆಯದೇ ಸರಿ ಎನಿಸುತ್ತದೆ, ನೆರೆಹೊರೆಯ ವ್ಯಾಜ್ಯಗಳನ್ನೇ ಬರೆದು ಬದುಕಿದವನಾದ್ದರಿಂದ ಇರಬಹುದು. ಮುಂದೆ ಯೆದನ್ಯ ಸೇರಿ ಐವರು ಬರೆದ ಒಪ್ಪಿಗೆಯಲ್ಲಿ ಕುರಿ, ಎತ್ತು, ಮೇಕೆಗಳ ಹೋಮ ಮಾಡುವುದಿಲ್ಲ ಎಂದಿದೆ. ಜೊತೆಗೆ ಒಡೆಯರ ಮನೆಗೆ ಬೆಳ್ಳಿ ಮತ್ತು 1,000 ಅರ್ದಬ್ (ಧಾನ್ಯ ಅಳೆಯುವ ಒಂದು ಅಳತೆ) ಜವೆಗೋಧಿ.

ನಡುವೆ ಒಂದು ಮಾತು. ಈ ಅರಮಾಯಿಕ್ ಲಿಪಿ ನಮಗೆ ತೀರಾ ದೂರದ್ದಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡ ಎಂಬ ಲಿಪಿಕಾರ ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಹುಟ್ಟಿದ್ದು ಅರಮಾಯಿಕ್‌ನಿಂದ, ಪರ್ಷಿಯಾದವರು ಆಳಿದ ವಾಯವ್ಯ ದೇಶದಲ್ಲಿ. ಇದು ತಿಳಿದ ಮೇಲೆ ಯೇಬ್‌ನ ಬರಹಗಾರ ನನಗೆ ದೂರದ ದಾಯಾದಿಯಂತೆ ಕಾಣತೊಡಗಿದ.

ಅರ್ಜಿ ಮುಗಿದ ಮೇಲೆ ಅಯ್ಯನವರು ಕೇಳದಿದ್ದರೂ ಅದೇ ಊರಿನ ಕ್ರಯಪತ್ರಗಳಿಗೆ ಕೈಹಾಕಿದೆ. ಯಾಹೋ ಆಲಯದ ಪರಿಚಾರಕ ಅನನ್ಯ ಎಂಬವನ ಮನೆಯ ಕಾಗದಗಳು ಕಟ್ಟುಕಟ್ಟಾಗಿ ಸಿಕ್ಕಿವೆ. ಅಮೆರಿಕದ ವಿಲ್ಬರ್ ಎಂಬವರು 1893ರಲ್ಲಿ ಕೊಂಡರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಉಳಿದು, ಬ್ರೂಕ್ಲಿನ್ ಮ್ಯೂಸಿಯಮ್ ಸೇರಿ, 1953ರಲ್ಲಿ ಅಚ್ಚಾದವು. ಮನೆಪತ್ರ ಟ್ರಂಕಿನಲ್ಲಿ ಇರದೆ ಇನ್ನೆಲ್ಲಿರುತ್ತದೆ! ಕ್ರಿ.ಪೂ. 437ರಲ್ಲಿ ಈತ ಬಗಜುಷ್ಟ ಮತ್ತು ಅವನ ಹೆಂಡತಿ ಉಬಿಲ್‌ರಿಂದ 14 ಶೆಕೆಲ್ ಬೆಳ್ಳಿಗೆ ಮನೆ ಕೊಂಡ. ಪತ್ರದಲ್ಲಿ ಈಜಿಪ್ಟಿನ ತಿಥಿ, ಬಾಬಿಲೋನಿನ ತಿಥಿ ಎರಡೂ ಇವೆ. ಮುಂದೆ ನಾವಾಗಲಿ ನಮ್ಮ ಮಕ್ಕಳಾಗಲಿ ತಕರಾರು ತೆಗೆಯುವುದಿಲ್ಲ ಎಂಬುದಿದೆ, ಬರೆದವನ ಹೆಸರಿದೆ, ಸಾಕ್ಷಿಗಳಿದ್ದಾರೆ, ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಇದೆ. ಮೇಲೆ, ಕೆಳಗೆ, ಮೂಡಲು, ಪಡುವಲು ಎಂದು ಅವರ ಕ್ರಮ. ಒಂದು ಕಡೆ ಖ್ನೂಮ್ ದೇವರ ಕೇರಿ, ಇನ್ನೊಂದು ಕಡೆ ಯಾಹೋ ಆಲಯ, ನಡುವೆ ರಾಜಬೀದಿ. ಕೆಡವಿದವರೂ ಕೆಡವಿಸಿಕೊಂಡವರೂ ಬೀದಿಯಾಚೆ ಬೀದಿಯೀಚೆ.

ಆಲಯವನ್ನು ನಿಜವಾಗಿ ಮತ್ತೆ ಕಟ್ಟಿದರೇ? ಕಟ್ಟಿದೆವು ಎಂದು ಹೇಳುವ ಓಲೆ ಒಂದೂ ಸಿಕ್ಕಿಲ್ಲ. ಇತಿಹಾಸಕಾರರು ಹಿಡಿದಿರುವ ಸಾಕ್ಷ್ಯ ಕ್ರಿ.ಪೂ. 402ರ ಒಂದು ಕ್ರಯಪತ್ರ. ಅನನ್ಯ ಮುದುಕನಾಗಿ, ಮನೆಯ ಒಂದು ಭಾಗವನ್ನು ಅಳಿಯನಿಗೆ 13 ಶೆಕೆಲ್‌ಗೆ ಮಾರುತ್ತಾನೆ. ಚಕ್ಕುಬಂದಿಯಲ್ಲಿ ಯಾಹೋ ಆಲಯ ಮತ್ತೆ ಇದೆ. ಓದಿದಾಗ ಸಂತೋಷವಾಯಿತು, ಬೆನ್ನಿಗೇ ಅನುಮಾನ ಬಂತು. ನಾವು ಹೇಗೆ ಬರೆಯುತ್ತೇವೆಂದು ನನಗೆ ಗೊತ್ತಿಲ್ಲವೇ? ಮೂಲಪತ್ರ ಮುಂದಿಟ್ಟುಕೊಂಡು ಅದರ ಚಕ್ಕುಬಂದಿಯನ್ನೇ ಇಳಿಸುತ್ತೇವೆ. ಪೂರ್ವಕ್ಕೆ ಹುಣಸೆಮರ ಎಂದು ನಾನೇ ಒಂದು ಪತ್ರದಲ್ಲಿ ಬರೆದಿದ್ದೆ. ಮರ ಕಡಿದು ಹದಿನೈದು ವರ್ಷವಾಗಿತ್ತು, ಅದೇ ಜಾಗದಲ್ಲಿ ಹಿಟ್ಟಿನ ಗಿರಣಿ ಇತ್ತು. ಮೋಜಣಿದಾರರು ನನ್ನನ್ನು ಕರೆಸಿ ತೋರಿಸಿದರು.

ಹಾಗಾಗಿ ಅನನ್ಯನ ಪತ್ರಗಳನ್ನೆಲ್ಲ ಹರಡಿಕೊಂಡು ಚಕ್ಕುಬಂದಿಗಳನ್ನು ಮಾತ್ರ ಓದಿದೆ. 404ರಲ್ಲಿ ಅವನು ಮಗಳು ಯೆಹೋಯಿಷ್ಮಾಳಿಗೆ ಬರೆದ ಪತ್ರದಲ್ಲಿ, ಈಜಿಪ್ಟಿನವರು ಕಟ್ಟಿದ ಗೋಡೆ ಎಂಬ ಗುರುತು ಬರುತ್ತದೆ. 437ರ ಕ್ರಯಪತ್ರದಲ್ಲಿ ಅದಿಲ್ಲ. ಗಲಾಟೆಯ ಕಾಲದಲ್ಲಿ ಖ್ನೂಮ್ ಪೂಜಾರಿಗಳು ಕೋಟೆಯ ನಡುವೆ ಗೋಡೆ ಎಬ್ಬಿಸಿದರೆಂದು ಯೆಹೂದ್ಯರ ಇನ್ನೊಂದು ದೂರಿನಲ್ಲೂ ಇದೆ. ಹೊಸ ಗೋಡೆಯನ್ನು ಸೇರಿಸಿದ್ದಾನೆ ಎಂದರೆ ಬರಹಗಾರ ಹಳೆಯದನ್ನು ಇಳಿಸುತ್ತಾ ಕೂರಲಿಲ್ಲ, ಎದ್ದು ಹೋಗಿ ನೋಡಿಬಂದಿದ್ದಾನೆ, ಅಥವಾ ನೋಡಿದವರನ್ನು ಕೇಳಿದ್ದಾನೆ. ಅಯ್ಯನವರಿಗೆ ಕೊಟ್ಟ ಪ್ರತಿಯಲ್ಲಿ 402ರ ಆ ಸಾಲಿಗೆ ಹಾಕಿದ್ದ ಪ್ರಶ್ನೆಚಿಹ್ನೆಯನ್ನು ರಬ್ಬರಿನಿಂದ ಅಳಿಸಿದೆ. ಈಗ ಅದು ಹೀಗಿದೆ: "ಯಾಹೋ ದೇವರ ಆಲಯ, ನಡುವೆ ರಾಜಬೀದಿ."