ಓದಿದ ಮೇಲೆ ಸತ್ಯವೇದ ಮುಚ್ಚಿಸಿ

ಬೀದರ್ ಕಡೆ ವಾರಕ್ಕೊಮ್ಮೆ ಮನೆಯಲ್ಲೇ ಸೇರುವ ಪ್ರಾರ್ಥನೆಯ ಮನೆಕೂಟದಲ್ಲಿ ಸತ್ಯವೇದದ (ಬೈಬಲ್ಲಿನ) ವಾಕ್ಯ ಓದುವವರಿಗೆ ಒಂದು ಸಲಹೆ: ಆ ದಿನದ ಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ, ಎಲ್ಲರೂ ಸತ್ಯವೇದ ಮುಚ್ಚಲಿ, ಒಬ್ಬರು ಅದನ್ನೇ ನಮ್ಮ ಆಡುಮಾತಿನಲ್ಲಿ ಹೇಳಲಿ. ಬಿಟ್ಟದ್ದೇನು, ಸೇರಿಸಿದ್ದೇನು ಅಂತ ಉಳಿದವರು ಆಮೇಲೆ ಪುಸ್ತಕ ತೆರೆದು ನೋಡಲಿ. ಕೇಳಿ ಕೇಳಿ ಬಾಯಿಪಾಠವಾದ ಕಥೆಗೆ ನಾವೇ ತುಂಬಿಕೊಂಡದ್ದು ಹೀಗೆ ಹೊರಬೀಳುತ್ತದೆ. ಓದು ಬಾರದ ಹಿರಿಯರೂ ಹಿಂದೆ ಸರಿಯದೆ ಮಾತಾಡುತ್ತಾರೆ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ನಾಲ್ವರು ಹೊತ್ತು ತಂದು, ಮಾಳಿಗೆ ಅಗೆದು ಯೇಸುವಿನ ಮುಂದೆ ಇಳಿಸಿದ ಪಾರ್ಶ್ವವಾಯು ರೋಗಿಯ ಭಾಗವನ್ನೇ ತೊಗೊಳ್ಳಿ. 'ನನ್ನ ವಾಸಿ ಮಾಡು ಸ್ವಾಮಿ ಅಂದ' ಎಂದು ಯಾರಾದರೂ ಸೇರಿಸಿಯೇ ಸೇರಿಸುತ್ತಾರೆ. ಅಲ್ಲಿ ಆತ ತುಟಿ ಬಿಚ್ಚುವುದೇ ಇಲ್ಲ, ಯೇಸು ನೋಡಿದ್ದು ಹೊತ್ತು ತಂದವರ ನಂಬಿಕೆಯನ್ನೂ ಹೌದು. (ಮಾಳಿಗೆ ಅಗೆದು ಇಳಿಸುವುದು ಹೇಗೆ ಅಂತ ಮಣ್ಣಿನ ಮಾಳಿಗೆಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಅಪೊಸ್ತಲ ಪೌಲನು ಸಭೆಗಳಿಗೆ ಬರೆದ ಪತ್ರಗಳಂಥವಕ್ಕೆ ಮಾತ್ರ ಇದು ಒಗ್ಗದು, ರೋಮಾಪುರದವರಿಗೆ ಬರೆದದ್ದರಲ್ಲಿ ಒಂದು ಮಾತು ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ಸಾಗುತ್ತದೆ, ಪುಸ್ತಕ ಮುಂದಿಟ್ಟುಕೊಂಡೇ ಕೂರಬೇಕು. ಇನ್ನೊಂದು, ಮೊದಲು ಹೇಳುವವರು ಪಾಸ್ಟರ್ ಆಗಬಾರದು. ಅವರು ತಪ್ಪಿದರೂ ಯಾರೂ ತಿದ್ದುವುದಿಲ್ಲ.