ಸ್ವಂತ ರಕ್ತದ ನೆರವಿನಿಂದ ದವಡೆಯ ಮೂಳೆ ಮರಳಿ ಪಡೆಯುವುದು: ರೋಗಿಗಳಿಗೊಂದು ಮಾರ್ಗದರ್ಶಿ

ವಸಡಿನ ರೋಗದಿಂದ ಕರಗಿಹೋದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಆದರೆ ರೋಗಿಯ ರಕ್ತದಿಂದಲೇ ಸಿದ್ಧಪಡಿಸುವ ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್) ಎಂಬ ಗರಣೆಯ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಉಂಟಾಗುವ ಫೈಬ್ರಿನ್ ಎಂಬ ನಾರಿನಂಥ ಪ್ರೋಟೀನಿನ ಮುದ್ದೆಯ ನೆರವಿನಿಂದ ಅದರ ಒಂದಷ್ಟು ಭಾಗವನ್ನು ಮರಳಿ ಪಡೆಯಲು ಸಾಧ್ಯವಿದೆ. 2001ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ವಿಧಾನದ ಬಗ್ಗೆ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲಿಯೂ ಅಧ್ಯಯನಗಳು ನಡೆದಿವೆ.

ಮೊದಲು ನಿಮ್ಮ ಮೂಳೆ ಯಾವ ರೀತಿ ಕರಗಿದೆ ಎಂಬುದನ್ನು ವಸಡು ತಜ್ಞರಿಂದ ಕೇಳಿ ತಿಳಿಯಿರಿ. ಹಲ್ಲಿನ ಪಕ್ಕದಲ್ಲಿ ಎರಡು ಮೂರು ಕಡೆ ಮೂಳೆಯ ಗೋಡೆ ಉಳಿದಿರುವ ಆಳವಾದ ಕುಳಿಯಿದ್ದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಇಡೀ ಮೂಳೆ ಸಮತಲವಾಗಿ ತಗ್ಗಿದ್ದರೆ ಹೆಚ್ಚಿನದನ್ನು ನಿರೀಕ್ಷಿಸಲಾಗದು.

ಶಸ್ತ್ರಚಿಕಿತ್ಸೆಗೆ ಮುನ್ನ ಸ್ಕೇಲಿಂಗ್ (ಹಲ್ಲಿಗಂಟಿದ ಗಟ್ಟಿ ಗಾರೆಯನ್ನು ತೆಗೆಯುವುದು) ಮತ್ತು ಹಲ್ಲಿನ ಬೇರಿನ ಶುದ್ಧೀಕರಣ ಮುಗಿದಿರಬೇಕು. ಕೆಲವು ವಾರಗಳ ನಂತರ ವಸಡನ್ನು ಮತ್ತೆ ಅಳೆದು ನೋಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ, ಸಿಗರೇಟು, ಗುಟ್ಕಾ ಬಿಡದಿದ್ದರೆ ಗಾಯ ಸರಿಯಾಗಿ ಮಾಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸಿದ್ಧತೆಯೇ ರಕ್ತಕ್ಕಿಂತ ಮುಖ್ಯವಾದುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಚಿಕಿತ್ಸೆಯ ದಿನ ತೋಳಿನಿಂದ ಸುಮಾರು 10 ಮಿ.ಲೀ. ರಕ್ತವನ್ನು ತೆಗೆದು, ಹೆಪ್ಪುಗಟ್ಟುವುದನ್ನು ತಡೆಯುವ ಯಾವ ರಾಸಾಯನಿಕವನ್ನೂ ಬೆರೆಸದೆ, ತಕ್ಷಣವೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 3000 ಸುತ್ತಿನಂತೆ 10 ನಿಮಿಷ ತಿರುಗಿಸುತ್ತಾರೆ. ತಡವಾದರೆ ರಕ್ತ ಕೊಳವೆಯಲ್ಲೇ ಹೆಪ್ಪುಗಟ್ಟಿ ಗರಣೆ ಸರಿಯಾಗಿ ಬೇರ್ಪಡುವುದಿಲ್ಲ. ತಳದಲ್ಲಿ ಕೆಂಪು ರಕ್ತಕಣಗಳು, ಮೇಲೆ ತಿಳಿ ದ್ರವ, ನಡುವೆ ಹಳದಿ ಛಾಯೆಯ ಗರಣೆ ನಿಲ್ಲುತ್ತವೆ. ಈ ಗರಣೆಯಲ್ಲಿ ಸಿಲುಕಿದ ಪ್ಲೇಟ್‌ಲೆಟ್‌ಗಳೂ ಬಿಳಿ ರಕ್ತಕಣಗಳೂ ಗಾಯ ಮಾಯಿಸುವ ಬೆಳವಣಿಗೆಯ ಅಂಶಗಳನ್ನು ಒಂದು ವಾರಕ್ಕೂ ಮೀರಿ ನಿಧಾನವಾಗಿ ಬಿಡುತ್ತಿರುತ್ತವೆ. ವೈದ್ಯರು ಅರಿವಳಿಕೆ ಕೊಟ್ಟು, ವಸಡನ್ನು ಬಿಡಿಸಿ, ರೋಗಗ್ರಸ್ತ ಅಂಗಾಂಶವನ್ನೂ ಬೇರಿಗಂಟಿದ ಗಾರೆಯನ್ನೂ ತೆಗೆದ ಮೇಲೆ ಗರಣೆಯನ್ನು ಕುಳಿಯಲ್ಲಿ ತುಂಬಿ ಹೊಲಿಗೆ ಹಾಕುತ್ತಾರೆ. ಕುಳಿ ದೊಡ್ಡದಾಗಿದ್ದರೆ ಅದರೊಂದಿಗೆ ಮೂಳೆಯ ಪುಡಿಯನ್ನೂ ಸೇರಿಸುವುದುಂಟು.

ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು 10ರಿಂದ 14 ದಿನ, ಆ ಜಾಗವನ್ನು ಬ್ರಷ್‌ನಿಂದ ಉಜ್ಜದೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ದ್ರವದಿಂದ ಬಾಯಿ ಮುಕ್ಕಳಿಸಿ, ಮೆತ್ತನೆಯ ಆಹಾರವನ್ನು ಇನ್ನೊಂದು ಬದಿಯಿಂದ ಅಗಿಯಿರಿ. ಬಾವು ಹೆಚ್ಚುತ್ತಿದ್ದರೆ ಅಥವಾ ಕೀವು ಕಂಡರೆ ಕಾಯದೆ ವೈದ್ಯರ ಬಳಿ ಹೋಗಿ. ಮೂಳೆ ತುಂಬಿರುವುದು ಎಕ್ಸ್‌ರೇಯಲ್ಲಿ ಕಾಣಲು 6ರಿಂದ 9 ತಿಂಗಳು ಬೇಕಾಗುವುದರಿಂದ, ಹೋಲಿಸಿ ನೋಡಲು ಚಿಕಿತ್ಸೆಗೆ ಮುಂಚಿನ ಎಕ್ಸ್‌ರೇಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಲ್ಲಿಯವರೆಗೂ ಮೂರು ತಿಂಗಳಿಗೊಮ್ಮೆ ಹಲ್ಲು ಶುಚಿಗೊಳಿಸಿಕೊಳ್ಳುವುದನ್ನು ತಪ್ಪಿಸಬೇಡಿ.